ಕೆನೆ ತೆಗೆದ ಹಾಲಿನಿಂದ ಮನೆಯ ಐಸ್‌ಕ್ರೀಮ್

ನಮಗೆ ಬರುವ ಪತ್ರಗಳಲ್ಲಿ ಅಡುಗೆಯ ಪ್ರಶ್ನೆಗಳು ಅಪರೂಪ. ಈ ಬೇಸಿಗೆಯಲ್ಲಿ ಬಂದ ಒಂದನ್ನು ಮಾತ್ರ ಬದಿಗಿಡಲು ಮನಸ್ಸು ಬರಲಿಲ್ಲ. ಕರಾವಳಿಯಿಂದ ಹೋಗಿ ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಗುಡಗೇರಿಯಲ್ಲಿ ಶಿಕ್ಷಕಿಯಾಗಿರುವ ಓದುಗರೊಬ್ಬರು ಕೇಳಿದ್ದಾರೆ: ಮನೆಯ ಹಿರಿಯರಿಗೆ ಹೃದಯದ ತೊಂದರೆ ಕಾಣಿಸಿಕೊಂಡ ಮೇಲೆ ಕೊಬ್ಬು ಕಡಿಮೆ ಮಾಡುವಂತೆ ವೈದ್ಯರು ಹೇಳಿದ್ದಾರೆ. ಊಟವಾದ ಮೇಲೆ ಒಂದು ಚಮಚ ಐಸ್‌ಕ್ರೀಮ್ ತಿನ್ನುವುದು ಅವರಿಗೆ ಮಂಗಳೂರಿನ ಕಾಲದಿಂದಲೂ ಇರುವ ಆಸೆ. ಹುಬ್ಬಳ್ಳಿಯಿಂದ ತಂದರೆ ದಾರಿಯಲ್ಲೇ ಕರಗಿ ಪಾಯಸವಾಗುತ್ತದೆ. ಮನೆಯಲ್ಲಿ ಕೆನೆ ತೆಗೆದ ಹಾಲಿಗೆ ಸಕ್ಕರೆ ಹಾಕಿ ಫ್ರೀಜರಿನಲ್ಲಿಟ್ಟರೆ ಕಲ್ಲಿನಂತಾಗಿ ಚಮಚ ಬಗ್ಗುತ್ತದೆ. ಯಂತ್ರವಿಲ್ಲ, ಕರೆಂಟು ನೆಚ್ಚುವ ಹಾಗಿಲ್ಲ. ಏನು ಮಾಡಬಹುದು?

ಮಾಡಬಹುದು. ಆದರೆ ಮೊದಲು ಆ ಹಾಲು ಯಾಕೆ ಕಲ್ಲಾಯಿತು ಎಂದು ತಿಳಿದುಕೊಳ್ಳಬೇಕು. ಅದು ತಿಳಿದರೆ ವಿಧಾನವನ್ನು ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ.

ಹಾಲಿನಲ್ಲಿ ಶೇ. 85ಕ್ಕಿಂತ ಹೆಚ್ಚು ನೀರೇ ಇರುವುದು. ತಣಿಸಿದಾಗ ಈ ನೀರು ಹರಳುಗಟ್ಟುತ್ತದೆ. ಸುಮ್ಮನೆ ಬಿಟ್ಟರೆ ಹರಳುಗಳು ನಿಧಾನವಾಗಿ ಬೆಳೆದು ಒಂದಕ್ಕೊಂದು ಬೆಸೆದುಕೊಂಡು ಗಡ್ಡೆಯಾಗುತ್ತವೆ. ಅವು ನಾಲಿಗೆಗೆ ತಿಳಿಯದಷ್ಟು ಸಣ್ಣದಾಗಿ ಉಳಿದರೆ ಅದೇ ಐಸ್‌ಕ್ರೀಮ್. ಅಂಗಡಿಯ ಐಸ್‌ಕ್ರೀಮಿನಲ್ಲಿ ಈ ಕೆಲಸಕ್ಕೆ ಕೊಬ್ಬು, ಸಕ್ಕರೆ, ಹಾಲಿನ ಇತರ ಘನಾಂಶ, ಯಂತ್ರ ಕಡೆದು ಸೇರಿಸುವ ಗಾಳಿ ಇವೆಲ್ಲ ಒಟ್ಟಾಗಿ ನಿಲ್ಲುತ್ತವೆ. ನಾವು ಹಗುರ ಮಾಡುತ್ತೇವೆಂದು ಕೊಬ್ಬನ್ನು ತೆಗೆದ ಕೂಡಲೇ ಅದು ಮಾಡುತ್ತಿದ್ದ ಕೆಲಸಕ್ಕೆ ಆಳಿಲ್ಲದಂತಾಗುತ್ತದೆ. ಹಾಗಾಗಿ ಕೊಬ್ಬಿನ ಜಾಗಕ್ಕೆ ಬೇರೇನನ್ನಾದರೂ ನಿಲ್ಲಿಸಲೇಬೇಕು. ಮನೆಯಲ್ಲಿ ನಮ್ಮ ಕೈಲಿರುವ ದಾರಿ ಮೂರು: ಹಾಲನ್ನು ಕುದಿಸಿ ನೀರನ್ನು ಕಡಿಮೆ ಮಾಡುವುದು, ಸ್ವಲ್ಪ ಪಿಷ್ಟ ಸೇರಿಸಿ ಉಳಿದ ನೀರನ್ನು ಹಿಡಿದಿಡುವುದು, ಗಟ್ಟಿಯಾಗುತ್ತಿರುವಾಗ ಮತ್ತೆ ಮತ್ತೆ ಕಡೆದು ಹರಳುಗಳನ್ನು ಒಡೆಯುವುದು. ಓದುಗರ ಮನೆಯಲ್ಲಿ ಈ ಮೂರೂ ಆಗಿರಲಿಲ್ಲ.

ಹಾಲಿನ ಮಾತಿಗೆ ಬಂದರೆ ಗುಡಗೇರಿಯವರು ಭಾಗ್ಯವಂತರು. ಹುಬ್ಬಳ್ಳಿಯಿಂದ ಹಾವೇರಿಯತ್ತ ಹೋಗುವ ರೈಲುಮಾರ್ಗದಲ್ಲಿ ಕುಂದಗೋಳ, ಸಂಶಿ ದಾಟಿ ಸಿಗುವ ಈ ಊರು ಕರಿಮಣ್ಣಿನ ಸೀಮೆಯದು. ಇದು ಎಮ್ಮೆಯ ನಾಡೂ ಹೌದು. ಕುಡುಗೋಲಿನಂತೆ ಹಿಂದಕ್ಕೆ ಬಾಗಿದ ಉದ್ದ ಕೊಂಬಿನ ಧಾರವಾಡಿ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ತಳಿ ಎಂಬ ರಾಷ್ಟ್ರೀಯ ಮನ್ನಣೆ ಸಿಕ್ಕಿತು. ಎಮ್ಮೆಯ ಹಾಲಿನಲ್ಲಿ ಕೊಬ್ಬು ಸುಮಾರು ಶೇ. 7. ನಮ್ಮ ಕರಾವಳಿಯ ಮನೆಗಳಿಗೆ ಬರುವ ದನದ ಹಾಲಿನಲ್ಲಿ ಶೇ. 3.5ರಿಂದ 4. ಧಾರವಾಡದ ಪೇಢಾ ಭೌಗೋಳಿಕ ಸೂಚಕದ ಗೌರವ ಪಡೆದಿದೆ. ಹಾಲನ್ನು ಕಾಯಿಸಿ ಕಾಯಿಸಿ ನೀರನ್ನು ಓಡಿಸಿದರೆ ಎಷ್ಟು ಮೃದುವಾದ ರುಚಿ ಹುಟ್ಟುತ್ತದೆ ಎಂಬುದಕ್ಕೆ ಆ ಊರಿನವರಿಗೆ ನಾವು ಪಾಠ ಹೇಳಬೇಕಾಗಿಲ್ಲ.

ಆ ಕಡೆಯ ಮನೆಗಳಲ್ಲಿ ಹಾಲು ಕಾಯಿಸಿ ಆರಿಸಿ ಕೆನೆ ತೆಗೆದು ಬೆಣ್ಣೆಗಿಡುವುದು ದಿನನಿತ್ಯದ ಕೆಲಸ. ಕಾಯಿಸಿದ ಹಾಲನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಕೆನೆ ದಪ್ಪ ಹಾಳೆಯಂತೆ ಏಳುತ್ತದೆ. ಅದನ್ನು ತೆಗೆದು ಇನ್ನೊಮ್ಮೆ ಕಾಯಿಸಿ ಆರಿಸಿ ಮತ್ತೆ ತೆಗೆದರೆ ಕೊಬ್ಬಿನ ದೊಡ್ಡ ಪಾಲು ಹೊರಬಂದಿರುತ್ತದೆ. ಮನೆಯ ಇತರರಿಗೆ ಈ ಹಾಲು ಧಾರಾಳವಾಗಿ ಸಾಕು. ವೈದ್ಯರ ಅಪ್ಪಣೆಯಂತೆ ಲೆಕ್ಕವಿಟ್ಟು ತಿನ್ನಬೇಕಾದವರಿಗೆ ಮಾತ್ರ ನಾವು ಪೊಟ್ಟಣದ ಹಾಲನ್ನೇ ಸೂಚಿಸುತ್ತೇವೆ. ಕೈಯಿಂದ ಕೆನೆ ತೆಗೆದ ಹಾಲಿನಲ್ಲಿ ಎಷ್ಟು ಕೊಬ್ಬು ಉಳಿದಿದೆ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಟೋನ್ಡ್ ಹಾಲಿನಲ್ಲಾದರೆ ಶೇ. 3, ಡಬಲ್ ಟೋನ್ಡ್ ಹಾಲಿನಲ್ಲಿ ಶೇ. 1.5 ಎಂದು ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ.

ಇನ್ನು ವಿಧಾನ. ಒಂದು ಲೀಟರ್ ಟೋನ್ಡ್ ಹಾಲು, 100 ಗ್ರಾಂ ಸಕ್ಕರೆ (ದೊಡ್ಡ ಚಮಚದಲ್ಲಿ ಮಟ್ಟಸವಾಗಿ ಎಂಟು), 15 ಗ್ರಾಂ ಕಾರ್ನ್‌ಫ್ಲೋರ್ (ಅದೇ ಚಮಚದಲ್ಲಿ ಮಟ್ಟಸವಾಗಿ ಎರಡು), ಒಂದು ಚಿಟಿಕೆ ಉಪ್ಪು, ನಾಲ್ಕು ಏಲಕ್ಕಿ. ಇಷ್ಟೇ ಸಾಮಾನು. ಇಲ್ಲೊಂದು ಎಚ್ಚರಿಕೆ. ಕಾರ್ನ್‌ಫ್ಲೋರ್ ಎಂದರೆ ಗೋವಿನಜೋಳದಿಂದ ತೆಗೆದ ಬಿಳಿ ಪಿಷ್ಟ. ಧಾರವಾಡದ ಕಡೆ ಅಂಗಡಿಗೆ ಹೋಗಿ ಜೋಳದ ಹಿಟ್ಟು ಎಂದು ಕೇಳಿದರೆ ರೊಟ್ಟಿಯ ಹಿಟ್ಟು ಕಟ್ಟಿಕೊಡುತ್ತಾರೆ! ಊರಿಗೆ ಬಂದು ಹೋಗುವವರಿದ್ದರೆ ನಮ್ಮ ಕೂವೆ ಹುಡಿಯನ್ನೇ ತರಿಸಿಕೊಳ್ಳಿ. ಹೊಟ್ಟೆಗೆ ತಂಪೆಂದು ಮಕ್ಕಳಿಗೆ ಮಣ್ಣಿ ಮಾಡಿಕೊಡುವ ಆ ಹುಡಿ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ, ಹಾಲಿನ ರುಚಿಯನ್ನೂ ಮುಚ್ಚುವುದಿಲ್ಲ. ಕೂವೆ ಹುಡಿ ಹಾಕಿದರೆ ಹೆಚ್ಚು ಹೊತ್ತು ಕುದಿಸಬಾರದು, ಮಂದವಾದ ಕೂಡಲೇ ಇಳಿಸಬೇಕು.

ಅರ್ಧ ಲೋಟ ತಣ್ಣನೆಯ ಹಾಲನ್ನು ಪಿಷ್ಟಕ್ಕಾಗಿ ತೆಗೆದಿಟ್ಟು ಉಳಿದುದನ್ನು ಅಗಲ ಬಾಯಿಯ ದಪ್ಪ ತಳದ ಪಾತ್ರೆಯಲ್ಲಿ ಕಾಯಲಿಡಿ. ಬಾಯಿ ಅಗಲವಿದ್ದಷ್ಟೂ ನೀರು ಬೇಗ ಆವಿಯಾಗುತ್ತದೆ. ಕುದಿ ಬಂದ ಮೇಲೆ ಉರಿ ಸಣ್ಣದಾಗಲಿ. ಅರ್ಧ ಗಂಟೆಯ ಮೇಲೆ ಹಿಡಿಯುತ್ತದೆ. ಆಗಾಗ ಸೌಟಾಡಿಸುತ್ತಾ, ಬದಿಗೆ ಅಂಟಿದ ಕೆನೆಯನ್ನು ಕೆರೆದು ಹಾಲಿಗೇ ಸೇರಿಸುತ್ತಾ ಇರಬೇಕು. ತೆಗೆದಿಟ್ಟ ಹಾಲೂ ಸೇರಿ ಒಟ್ಟು 700 ಮಿಲಿಲೀಟರಿನಷ್ಟಾಗುವವರೆಗೆ ಇಂಗಿಸಿದರೆ ಸಾಕು. ಇನ್ನೂ ಇಂಗಿಸಿದರೆ ಇನ್ನೂ ಚೆನ್ನಾಗಿರುತ್ತದೆ ಎಂದು ತೋರುವುದು ಸಹಜ. ಆದರೆ ಹಾಲಿನಲ್ಲೇ ಇರುವ ಲ್ಯಾಕ್ಟೋಸ್ ಎಂಬ ಸಕ್ಕರೆ ನೀರಿನಲ್ಲಿ ಸುಲಭವಾಗಿ ಕರಗುವಂಥದ್ದಲ್ಲ. ಹಾಲು ಅತಿಯಾಗಿ ಇಂಗಿದರೆ ಫ್ರೀಜರಿನಲ್ಲಿ ಅದು ಬೇರೆಯಾಗಿ ಹರಳುಗಟ್ಟಿ ನಾಲಿಗೆಗೆ ಮರಳು ಮರಳಾಗಿ ತಗಲುತ್ತದೆ. ಮೂರನೇ ಒಂದು ಪಾಲು ನೀರು ಹೋಗುವಷ್ಟಕ್ಕೆ ನಿಲ್ಲಿಸುವುದು ಜಾಣತನ.

ಈಗ ಸಕ್ಕರೆ, ಉಪ್ಪು ಹಾಕಿ. ಪಿಷ್ಟವನ್ನು ತಣ್ಣನೆಯ ಹಾಲಿನಲ್ಲಿ ಗಂಟಿಲ್ಲದಂತೆ ಕದಡಿ ಹೊಯ್ದು ಎರಡು ನಿಮಿಷ ಕೈ ಬಿಡದೆ ತಿರುವಿ. ಸೌಟಿನ ಬೆನ್ನಿಗೆ ತೆಳ್ಳಗೆ ಹಿಡಿಯುವಷ್ಟು ಮಂದವಾದರೆ ಆಯಿತು. ರುಚಿ ನೋಡಿದಾಗ ಸಿಹಿ ಸ್ವಲ್ಪ ಹೆಚ್ಚೆನಿಸಬೇಕು. ಚಳಿಯಲ್ಲಿ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ, ಬಿಸಿಯಲ್ಲಿ ಸರಿಯೆನಿಸಿದ್ದು ಹೆಪ್ಪುಗಟ್ಟಿದ ಮೇಲೆ ಸಪ್ಪೆ. ಬೆಲ್ಲದ ರುಚಿ ಬೇಕಾದವರು ಅದನ್ನು ಬೇರೆಯಾಗಿ ಕರಗಿಸಿ ಸೋಸಿ, ಹಾಲು ಪೂರ್ತಿ ತಣಿದ ಮೇಲೆ ಸೇರಿಸಲಿ. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುವ ಭಯವಿದೆ.

ಸಕ್ಕರೆಯನ್ನು ಪೂರ್ತಿ ಬಿಡಬಹುದೇ ಎಂದೂ ಓದುಗರು ಕೇಳಿದ್ದಾರೆ. ಸಕ್ಕರೆಗೆ ಇಲ್ಲಿ ಎರಡು ಕೆಲಸ. ಒಂದು ಸಿಹಿ. ಇನ್ನೊಂದು, ನೀರು ಹೆಪ್ಪುಗಟ್ಟುವ ಉಷ್ಣಾಂಶವನ್ನು ಇಳಿಸುವುದು. ಸಕ್ಕರೆ ಕರಗಿದ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಫ್ರೀಜರಿನಲ್ಲೂ ಅದರ ಒಂದು ಪಾಲು ದ್ರವವಾಗಿಯೇ ಉಳಿಯುತ್ತದೆ, ಚಮಚ ಇಳಿಯುವುದು ಅದರಿಂದ. ಸಿಹಿಗೆಂದು ಬರೀ ಕೃತಕ ಮಾತ್ರೆ ಹಾಕಿದರೆ ಸಿಹಿಯಾದ ಕಲ್ಲು ಸಿಗುತ್ತದೆ. ಮಧುಮೇಹ ಇರುವವರಿಗೆ ಇದು ಹೇಳಿದ ತಿಂಡಿಯಲ್ಲ ಎಂದು ನೇರವಾಗಿ ಹೇಳಿಬಿಡುವುದೇ ಮೇಲು.

ತಣಿಸುವ ವಿಷಯದಲ್ಲಿ ಗುಡಗೇರಿಗೂ ನಮ್ಮ ಊರುಗಳಿಗೂ ವ್ಯತ್ಯಾಸವಿದೆ. ಬಯಲುಸೀಮೆಯ ಬೇಸಿಗೆ ಒಣ ಬೇಸಿಗೆ. ಪಾತ್ರೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವಲ್ಲಿ, ನೀರಿನ ತಟ್ಟೆಯಲ್ಲಿ ಇಟ್ಟರೆ ಬಟ್ಟೆಯ ನೀರು ಆವಿಯಾಗುತ್ತಾ ಹಾಲಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಅಲ್ಲಿ ಮಣ್ಣಿನ ಕೊಡದ ನೀರು ಅಷ್ಟು ತಂಪಾಗಿರುವುದೂ ಇದೇ ಕಾರಣಕ್ಕೆ. ಮಂಗಳೂರು, ಉಡುಪಿ, ಕಾರವಾರಗಳ ಮೇ ತಿಂಗಳ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಈ ಉಪಾಯ ಇಲ್ಲಿ ಅರ್ಧ ಫಲವನ್ನೂ ಕೊಡುವುದಿಲ್ಲ. ನಾವು ಪಾತ್ರೆಯನ್ನು ನೀರು ತುಂಬಿದ ಅಗಲ ಬೇಸನ್ನಿನಲ್ಲಿಟ್ಟು ಎರಡು ಮೂರು ಬಾರಿ ನೀರು ಬದಲಿಸಬೇಕು. ಎಲ್ಲಿದ್ದರೂ ಕಾಯಿಸಿದ ಹಾಲು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿರಬಾರದು. ಆರಿದ ಮೇಲೆ ಏಲಕ್ಕಿ ಹುಡಿ ಸೇರಿಸಿ, ಮುಚ್ಚಿ, ಫ್ರಿಜ್ಜಿನ ಕೆಳಭಾಗದಲ್ಲಿ ನಾಲ್ಕು ಗಂಟೆಯಾದರೂ ಇಡಿ. ಕಾರ್ಖಾನೆಯವರೂ ಮಿಶ್ರಣವನ್ನು ಹೀಗೆ ತಂಪಿನಲ್ಲಿ ವಿಶ್ರಮಿಸಲು ಬಿಡುತ್ತಾರೆ. ಮೊದಲೇ ಚೆನ್ನಾಗಿ ತಣಿದ ಹಾಲು ಫ್ರೀಜರಿನಲ್ಲಿ ಬೇಗ ಹೆಪ್ಪುಗಟ್ಟುತ್ತದೆ, ಬೇಗ ಗಟ್ಟಿದಷ್ಟೂ ಹರಳು ಸಣ್ಣದು.

ಆಮೇಲೆ ಅಗಲವಾದ ಸ್ಟೀಲ್ ಡಬ್ಬಿಗೆ ಎರಡು ಅಂಗುಲಕ್ಕಿಂತ ಆಳವಾಗದಂತೆ ಸುರಿದು ಫ್ರೀಜರಿಗೆ. ಪ್ಲಾಸ್ಟಿಕ್ಕಿಗಿಂತ ಸ್ಟೀಲು ಚಳಿಯನ್ನು ಬೇಗ ದಾಟಿಸುತ್ತದೆ. ಮುಕ್ಕಾಲು ಗಂಟೆ, ಒಂದು ಗಂಟೆಯಾಗುವಾಗ ಬದಿಗಳು ಗಟ್ಟಿಯಾಗಿ ನಡು ಇನ್ನೂ ಸಡಿಲವಿರುತ್ತದೆ. ಹೊರತೆಗೆದು ಕಡೆಗೋಲಿನಿಂದಲೋ ಮೊಟ್ಟೆ ಕದಡುವ ಕಡ್ಡಿಯಿಂದಲೋ ಚೆನ್ನಾಗಿ ಕಡೆದು ಮತ್ತೆ ಒಳಗಿಡಿ. ಹೀಗೆ ಮೂರು ಬಾರಿ. ಮೂರನೆಯ ಬಾರಿಗೆ ಅದು ಕಡೆಗೋಲಿಗೆ ಬಗ್ಗದಷ್ಟು ಮಂದವಾದರೆ ಮಿಕ್ಸಿಯಲ್ಲಿ ಹತ್ತೇ ಸೆಕೆಂಡು ತಿರುಗಿಸಿದರೂ ನಡೆಯುತ್ತದೆ. ಕೊನೆಗೆ ಮೇಲ್ಮೈಗೆ ತಾಗುವಂತೆ ಬೆಣ್ಣೆ ಕಾಗದ ಹಾಸಿ ಮುಚ್ಚಿ ಐದಾರು ಗಂಟೆ ಬಿಡಿ. ಬಡಿಸುವ ಹತ್ತು ನಿಮಿಷ ಮೊದಲು ಹೊರತೆಗೆದಿಟ್ಟರೆ ಚಮಚ ಸಲೀಸಾಗಿ ಇಳಿಯುತ್ತದೆ. ಹಣ್ಣು ಸೇರಿಸುವುದಾದರೆ ಮಾವು, ಚಿಕ್ಕು ಎರಡೂ ಆ ಸೀಮೆಯಲ್ಲೇ ಸಿಗುವಂಥವು, ತಿರುಳನ್ನು ಎರಡನೇ ಬಾರಿ ಕಡೆಯುವಾಗ ಹಾಕಬೇಕು. ಹಸಿ ಅನಾನಸು, ಪಪ್ಪಾಯಿ ಬೇಡ. ಅವುಗಳಲ್ಲಿರುವ ಕಿಣ್ವಗಳು ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತವೆ. ಅನಾನಸನ್ನು ಸಕ್ಕರೆಯಲ್ಲಿ ಬೇಯಿಸಿಕೊಂಡರೆ ತೊಂದರೆಯಿಲ್ಲ.

ಕರೆಂಟು ನೆಚ್ಚಲಾಗದ ದಿನಗಳಿಗೆ ಹಳೆಯ ಉಪಾಯವೊಂದಿದೆ: ಐಸು ಮತ್ತು ಉಪ್ಪು. ಪುಡಿ ಮಾಡಿದ ಮಂಜುಗಡ್ಡೆಯ ಮೇಲೆ ಕಲ್ಲುಪ್ಪು ಹಾಕಿದರೆ ಐಸು ಬೇಗ ಬೇಗ ಕರಗುತ್ತದೆ, ಕರಗಲು ಬೇಕಾದ ಶಾಖವನ್ನು ಸುತ್ತಲಿನಿಂದ ಎಳೆದುಕೊಳ್ಳುತ್ತದೆ. ಹಾಗಾಗಿ ಆ ಉಪ್ಪುನೀರು ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ. ಲೆಕ್ಕದ ಪ್ರಕಾರ ಮೈನಸ್ 21 ಡಿಗ್ರಿಯವರೆಗೂ ಹೋಗಬಹುದು, ಮನೆಯ ಬಾಲ್ದಿಯಲ್ಲಿ ಅಷ್ಟಾಗದಿದ್ದರೂ ಐಸ್‌ಕ್ರೀಮಿಗೆ ಸಾಕಾಗುವಷ್ಟು ಆಗುತ್ತದೆ. ಮೂರು ಕಿಲೋ ಐಸಿಗೆ ಒಂದು ಕಿಲೋ ಉಪ್ಪು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಹರಳುಪ್ಪು ಇದಕ್ಕೆ ಹೇಳಿ ಮಾಡಿಸಿದಂತಿದೆ. ದೊಡ್ಡ ಬಾಲ್ದಿಗೆ ಗೋಣಿಚೀಲ ಸುತ್ತಿ, ನಡುವೆ ಬಿಗಿಯಾದ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ತಣಿದ ಹಾಲಿಟ್ಟು, ಸುತ್ತಲೂ ಐಸು ಉಪ್ಪು ಪದರ ಪದರವಾಗಿ ತುಂಬಿ ಡಬ್ಬಿಯನ್ನು ಅತ್ತಿತ್ತ ತಿರುಗಿಸುತ್ತಾ, ಐದು ನಿಮಿಷಕ್ಕೊಮ್ಮೆ ಮುಚ್ಚಳ ಒರೆಸಿ ತೆರೆದು ಬದಿಯನ್ನು ಕೆರೆದು ಕಡೆದರೆ ಅರ್ಧ ಗಂಟೆಯಲ್ಲಿ ಮೆತ್ತಗಿನ ಐಸ್‌ಕ್ರೀಮ್ ಸಿದ್ಧ. ಮಕ್ಕಳಿರುವ ಮನೆಯಲ್ಲಿ ತಿರುಗಿಸಲು ಜನಕ್ಕೆ ಬರವಿಲ್ಲ. ಇದನ್ನೇ ಹಿಡಿಕೆಯ ಯಂತ್ರವಾಗಿ ಮಾಡಿ 1843ರಲ್ಲಿ ಹಕ್ಕುಪತ್ರ ಪಡೆದವರು ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ. ಅದಕ್ಕೆ ಹತ್ತು ವರ್ಷ ಮೊದಲು, 1833ರಲ್ಲಿ, ಬೋಸ್ಟನ್ನಿನಿಂದ ಹಡಗಿನಲ್ಲಿ ಕೆರೆಯ ಮಂಜುಗಡ್ಡೆ ಕಲ್ಕತ್ತೆಗೆ ಬಂದಿಳಿದಿತ್ತು. ಆಗ ಐಸು ಸಿರಿವಂತರ ಸೊತ್ತು. ಈಗ ಮೀನಿನ ಬಂದರಿನಲ್ಲಿ ಲೋಡುಗಟ್ಟಲೆ ಸಿಗುತ್ತದೆ. ಆದರೆ ಮೀನಿಗೆ ಹಾಕುವ ಐಸಾಗಲಿ ಬೇರೆ ಯಾವ ಬ್ಲಾಕ್ ಐಸಾಗಲಿ ಕುಡಿಯುವ ನೀರಿನದ್ದೆಂದು ನಂಬಬೇಡಿ. ಅದು ಡಬ್ಬಿಯ ಹೊರಗಿರಬೇಕು, ಹನಿಯೂ ಒಳಗೆ ಹೋಗಬಾರದು.

ಇಲ್ಲಿಂದ ಮುಂದಿನ ಮಾತನ್ನು ಓದುಗರು ಸ್ವಲ್ಪ ಗಮನವಿಟ್ಟು ಓದಬೇಕು. ಹೆಪ್ಪುಗಟ್ಟಿದ ಆಹಾರದಲ್ಲಿ ರೋಗಾಣು ಸಾಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಅದು ಸರಿಯಲ್ಲ. ಚಳಿಯಲ್ಲಿ ಅವು ಬೆಳೆಯುವುದು ನಿಲ್ಲುತ್ತದೆ ಅಷ್ಟೆ, ಬಹುಪಾಲು ಬದುಕಿಯೇ ಇರುತ್ತವೆ. 1994ರಲ್ಲಿ ಅಮೆರಿಕದಲ್ಲಿ ಒಂದೇ ಕಂಪೆನಿಯ ಐಸ್‌ಕ್ರೀಮ್ ತಿಂದು ಸುಮಾರು 2,24,000 ಜನರಿಗೆ ಸಾಲ್ಮೊನೆಲ್ಲಾ ಸೋಂಕು ತಗಲಿರಬೇಕೆಂದು ಅಂದಾಜಿಸಲಾಯಿತು. ಕಾಯಿಸಿ ಶುದ್ಧಗೊಳಿಸಿದ ಮಿಶ್ರಣವನ್ನೇ ಅವರು ಬಳಸಿದ್ದರು. ಆದರೆ ಅದನ್ನು ತಂದ ಟ್ಯಾಂಕರುಗಳು ಅದಕ್ಕೆ ಮೊದಲು ಹಸಿ ಮೊಟ್ಟೆಯ ದ್ರವ ಸಾಗಿಸಿದ್ದವು. ಕಾಯಿಸಿದ ನಂತರ ಆದ ಅಶುದ್ಧಿಯನ್ನು ಫ್ರೀಜರು ಸರಿಪಡಿಸಲಿಲ್ಲ. ಆದ್ದರಿಂದ ಹಸಿ ಹಾಲಿನಿಂದ ಐಸ್‌ಕ್ರೀಮ್ ಮಾಡುವುದೇ ಬೇಡ, ಎಷ್ಟೇ ಗುರುತಿನ ಮನೆಯ ಹಾಲಾಗಿರಲಿ. ಹಳೆಯ ಅಡುಗೆ ಪುಸ್ತಕಗಳಲ್ಲಿ ಕಾಣುವ ಹಸಿ ಮೊಟ್ಟೆಯೂ ಬೇಡ. ಕಡೆಗೋಲು, ಡಬ್ಬಿ, ಮಿಕ್ಸಿಯ ಜಾರು ಎಲ್ಲವನ್ನೂ ಕುದಿನೀರು ಹೊಯ್ದು ಒಣಗಿಸಿಕೊಂಡೇ ಬಳಸಬೇಕು. ಹಾಲು ಕಾಯಿಸಿದ ಮೇಲೆ ಅದಕ್ಕೆ ತಾಗುವ ವಸ್ತುಗಳು ಇವೇ ತಾನೆ?

ಕರೆಂಟು ಹೋದಾಗ ಫ್ರಿಜ್ಜಿನ ಬಾಗಿಲು ತೆರೆಯದಿರುವುದು ಮೊದಲ ಕೆಲಸ. ಮುಚ್ಚಿಯೇ ಇದ್ದರೆ ಕೆಳಭಾಗದ ತಂಪು ಸುಮಾರು ನಾಲ್ಕು ಗಂಟೆ ನಿಲ್ಲುತ್ತದೆ, ಫ್ರೀಜರು ಅದಕ್ಕಿಂತ ಹೆಚ್ಚು ಹೊತ್ತು ಹಿಡಿದಿಡುತ್ತದೆ. ಐಸ್‌ಕ್ರೀಮ್ ಬರೀ ಮೆತ್ತಗಾಗಿದ್ದು ನಡುವೆ ಇನ್ನೂ ಗಟ್ಟಿಯಿದ್ದರೆ ಕಡೆದು ಮತ್ತೆ ಗಟ್ಟಿ ಮಾಡಬಹುದು, ರುಚಿ ಸ್ವಲ್ಪ ಒರಟಾದೀತು. ಪೂರ್ತಿ ಕರಗಿ ಹಾಲಾಗಿ ಬೆಚ್ಚಗಾಗಿದ್ದರೆ ಮತ್ತೆ ಹೆಪ್ಪುಗಟ್ಟಿಸಿ ತಿನ್ನಬಾರದು. ಒಂದು ಲೀಟರ್ ಹಾಲು ಚೆಲ್ಲುವುದು ಕಷ್ಟದ ಮಾತೇ. ಆದರೂ ಮನೆಯ ಹಿರಿಯರಿಗೆಂದೇ ಮಾಡಿದ ತಿಂಡಿಯಲ್ಲಿ, ಅವರ ಆರೋಗ್ಯದ ಸ್ಥಿತಿಯಲ್ಲಿ, ಪರೀಕ್ಷೆ ಮಾಡಿ ನೋಡುವುದು ಬೇಡ. ಕರೆಂಟು ಕೈಕೊಡುವ ಊರಿನಲ್ಲಿ ಅರ್ಧ ಲೀಟರಿನಂತೆ ಮಾಡಿ ಎರಡು ಮೂರು ದಿನಗಳಲ್ಲಿ ಮುಗಿಸುವುದು ಲೇಸು.

ಈ ಐಸ್‌ಕ್ರೀಮ್ ನಿಜವಾಗಿ ಎಷ್ಟು ಹಗುರ? ಒಂದು ಲೀಟರ್ ಟೋನ್ಡ್ ಹಾಲಿನಲ್ಲಿ 30 ಗ್ರಾಂ ಕೊಬ್ಬಿದೆ. ಎಂಟು ಬಟ್ಟಲು ಮಾಡಿದರೆ ಬಟ್ಟಲಿಗೆ ನಾಲ್ಕು ಗ್ರಾಂಗಿಂತ ಕಡಿಮೆ ಕೊಬ್ಬು, ಸುಮಾರು 130 ಕ್ಯಾಲೊರಿ. ಕೆನೆ ತೆಗೆಯದ ಎಮ್ಮೆ ಹಾಲಿನಿಂದ ಮಾಡಿದ್ದಾದರೆ ಒಂಬತ್ತು ಗ್ರಾಂ ಹತ್ತಿರ ಕೊಬ್ಬು, 175ರಷ್ಟು ಕ್ಯಾಲೊರಿ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಬರೀ ಐಸ್‌ಕ್ರೀಮ್ ಎಂದು ಮಾರುವುದರಲ್ಲಿ ಹಾಲಿನ ಕೊಬ್ಬು ಶೇ. 10ಕ್ಕಿಂತ ಕಡಿಮೆಯಿರುವಂತಿಲ್ಲ. ಶೇ. 2.5ರಿಂದ 10ರ ನಡುವಿನದ್ದು ಮಧ್ಯಮ ಕೊಬ್ಬಿನದ್ದು, 2.5 ಮೀರದ್ದು ಕಡಿಮೆ ಕೊಬ್ಬಿನದ್ದು. ನಮ್ಮದು ಹಾಲು ಇಂಗಿದ್ದರಿಂದ ಶೇ. 3.6ರ ಆಸುಪಾಸಿಗೆ ಬರುತ್ತದೆ, ಅಂದರೆ ಮಧ್ಯಮ ವರ್ಗದ ಕೆಳತುದಿ. ಡಬಲ್ ಟೋನ್ಡ್ ಹಾಲಿನಿಂದ ಮಾಡಿದರೆ ಕಡಿಮೆ ಕೊಬ್ಬಿನದ್ದೇ ಆಗುತ್ತದೆ. ಆಗ ಒಂದು ಬಾರಿ ಹೆಚ್ಚು ಕಡೆಯಬೇಕಾದೀತು.

ಹೋಲಿಸುವಾಗ ಒಂದು ಸೂಕ್ಷ್ಮವಿದೆ. ಅಂಗಡಿಯ ಐಸ್‌ಕ್ರೀಮಿನಲ್ಲಿ ಗಾಳಿ ಬಹಳ. ಒಂದು ಲೀಟರ್ ಐಸ್‌ಕ್ರೀಮ್ 525 ಗ್ರಾಂ ತೂಗಿದರೂ ನಿಯಮ ಒಪ್ಪುತ್ತದೆ. ಕೈಯಿಂದ ಕಡೆದದ್ದರಲ್ಲಿ ಅಷ್ಟು ಗಾಳಿ ಸೇರುವುದಿಲ್ಲ, ಅಷ್ಟೇ ಬಟ್ಟಲು ಹೆಚ್ಚು ತೂಗುತ್ತದೆ. ನಾವು ಹೇಳಿದ ಬಟ್ಟಲು ಸುಮಾರು 100 ಗ್ರಾಂ. ಮನೆಯದ್ದು ಹಗುರ ಎಂದು ಎರಡು ಬಟ್ಟಲು ತಿಂದರೆ ಲೆಕ್ಕ ಅಂಗಡಿಯ ಐಸ್‌ಕ್ರೀಮಿನ ಸಮಕ್ಕೇ ಬಂದು ನಿಲ್ಲುತ್ತದೆ. ಸಕ್ಕರೆಯೂ ಬಟ್ಟಲಿಗೆ ಹನ್ನೆರಡೂವರೆ ಗ್ರಾಂ ಇದೆ. ಹೊರಗಿನಿಂದ ಸೇರಿಸುವ ಸಕ್ಕರೆಯನ್ನು ದಿನಕ್ಕೆ 25 ಗ್ರಾಂ ಒಳಗಿಟ್ಟರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದೆ. ಒಂದು ಬಟ್ಟಲಿಗೆ ಅದರ ಅರ್ಧ ಮುಗಿಯಿತು. ಆ ದಿನ ಚಹಾಕ್ಕೆ ಸಕ್ಕರೆ ಬಿಡುವುದು ಹಿರಿಯರಿಗೆ ಒಪ್ಪಿಗೆಯಾದರೆ ಸರಿ.

ಅಂಗಡಿಯದ್ದನ್ನೇ ಕೊಳ್ಳುವ ದಿನ ಡಬ್ಬಿಯ ಮೇಲಿನ ಅಕ್ಷರ ಓದಿ. ಫ್ರೋಜನ್ ಡೆಸರ್ಟ್ ಎಂದಿದ್ದರೆ ಅದರಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಬಳಸಿರುತ್ತಾರೆ. ಹೆಸರು ಬೇರೆಯೆಂದು ಅದು ಹಗುರವೆಂದಲ್ಲ, ಕೊಬ್ಬು ಎಷ್ಟೆಂದು ಹಿಂಬದಿಯಲ್ಲಿ ನೋಡಬೇಕು. ನಮ್ಮ ಕರಾವಳಿಯವರ ನಾಲಿಗೆ ಈ ವಿಷಯದಲ್ಲಿ ಪಳಗಿದ್ದು. 1975ರಲ್ಲಿ ಎಸ್. ಪ್ರಭಾಕರ ಕಾಮತರು ಮಂಗಳೂರಿನಲ್ಲಿ ಐಡಿಯಲ್ ಐಸ್‌ಕ್ರೀಮ್ ಆರಂಭಿಸಿದರು. ಮುಲ್ಕಿಯ ಕಡೆಯ, ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತರು 1984ರಲ್ಲಿ ಮುಂಬಯಿಯ ಜುಹೂವಿನಲ್ಲಿ ನ್ಯಾಚುರಲ್ಸ್ ತೆರೆದು ಹಾಲು, ಸಕ್ಕರೆ, ಹಣ್ಣು ಇವಿಷ್ಟರ ಮೇಲೆಯೇ ಹೆಸರು ಗಳಿಸಿದರು. 2024ರಲ್ಲಿ ಅವರು ತೀರಿಕೊಂಡರು. ಅವರ ಅಂಗಡಿಯ ರುಚಿ ಮನೆಯ ಸ್ಟೀಲ್ ಡಬ್ಬಿಯಲ್ಲಿ ಬರುತ್ತದೆಂದು ನಾವು ಆಸೆ ತೋರಿಸುವುದಿಲ್ಲ. ಕುಲ್ಫಿಗೂ ಮಂಗಳೂರಿನ ಐಸ್‌ಕ್ರೀಮಿಗೂ ನಡುವಿನ ಒಂದು ರುಚಿ ಬರುತ್ತದೆ, ಕಾಯಿಸಿದ ಹಾಲಿನ ಪರಿಮಳ ಸ್ವಲ್ಪ ಮುಂದಾಗಿ.

ಬಟ್ಟಲು ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಗುಡಗೇರಿಯ ನಮ್ಮ ಓದುಗರು ತಮ್ಮ ವೈದ್ಯರಲ್ಲೇ ಕೇಳಬೇಕು. ಕೇಳುವಾಗ ಮೇಲಿನ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅವರಿಗೂ ಹೇಳಲು ಅನುಕೂಲ. ತೆಗೆದಿಟ್ಟ ಕೆನೆಯನ್ನು ಹೆಪ್ಪು ಹಾಕಿ ಬೆಣ್ಣೆ ತೆಗೆದು ಮನೆಯ ಮಕ್ಕಳ ರೊಟ್ಟಿಗೆ ಸವರಬಹುದು.